ಕಡಲಿನಲ್ಲಿ ಕೃಷಿ: ಬೊಮ್ಮಸಂದ್ರದ ಉದ್ದಿಮೆಗೆ ದೊರೆಯಬಹುದಾದ ಪಾಲು

ಸಾಗುವಳಿ ಭೂಮಿಯ ಬೆಲೆ ಏರುತ್ತಿರುವ, ಕೊಳವೆಬಾವಿಗಳು ಬತ್ತುತ್ತಿರುವ ಈ ಕಾಲದಲ್ಲಿ ಸಮುದ್ರದ ಮೇಲೆಯೇ ಬೆಳೆ ತೆಗೆಯುವ ಕಲ್ಪನೆಯು ಉದ್ಯಮ ವಲಯದಲ್ಲಿ ಆಗಾಗ್ಗೆ ಚರ್ಚೆಗೆ ಬರುತ್ತಿದೆ. ತೇಲುವ ವೇದಿಕೆಗಳ ಮೇಲೆ ತರಕಾರಿ, ಔಷಧೀಯ ಸಸ್ಯ, ಅಷ್ಟೇ ಏಕೆ, ಯಾವ ಸರ್ಕಾರದ ಹಿಡಿತಕ್ಕೂ ಸಿಗದಷ್ಟು ದೂರದಲ್ಲಿ ಗಾಂಜಾವನ್ನೂ ಬೆಳೆದು ಔಷಧ ಕಂಪನಿಗಳಿಗೆ ಪೂರೈಸಬಹುದೆಂಬ ಯೋಜನೆಗಳು ಹೊಸ ಹೂಡಿಕೆಯನ್ನು ಹುಡುಕುವವರ ಮುಂದೆ ಮಂಡಿತವಾಗುತ್ತವೆ. ಔಷಧ ತಯಾರಿಕೆ, ಜೈವಿಕ ತಂತ್ರಜ್ಞಾನ, ಯಂತ್ರಬಿಡಿಭಾಗ ಹಾಗೂ ಪ್ಲಾಸ್ಟಿಕ್ ಅಚ್ಚುಗಾರಿಕೆಯ ಘಟಕಗಳು ಒಂದೇ ಕಡೆ ನೆಲೆಸಿರುವ ಬೊಮ್ಮಸಂದ್ರದಂತಹ ಕೈಗಾರಿಕಾ ಪ್ರದೇಶದಲ್ಲಿ ಇಂತಹ ಮಾತಿಗೆ ಕಿವಿಗೊಡುವವರು ಇರುವುದು ಸಹಜವೇ ಆಗಿದೆ.

ಈ ಕಲ್ಪನೆಗಳಲ್ಲಿ ಯಾವುದು ವ್ಯಾಪಾರ, ಯಾವುದು ಭ್ರಮೆ ಎಂಬುದನ್ನು ಹಣ ತೊಡಗಿಸುವ ಮೊದಲೇ ಬೇರ್ಪಡಿಸಿಕೊಳ್ಳುವುದು ಅಗತ್ಯ. ಗಾಂಜಾ ಕುರಿತ ಭಾಗವು ಕಾನೂನಿನ ಮುಂದೆಯೂ ಲೆಕ್ಕದ ಮುಂದೆಯೂ ನಿಲ್ಲಲಾರದು. ಕಡಲಪಾಚಿಯ ಭಾಗವು ಈಗಾಗಲೇ ವ್ಯವಹಾರವಾಗಿದೆ. ಆದರೆ ಆ ಬೆಳೆಗೆ ತಕ್ಕ ಉಪಕರಣಗಳು ಇನ್ನೂ ಸಿದ್ಧವಾಗಿಲ್ಲ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಬೊಮ್ಮಸಂದ್ರದ ಸಣ್ಣ ಉದ್ದಿಮೆದಾರನಿಗೆ ಅವಕಾಶವಿರುವುದು ಈ ಉಪಕರಣಗಳ ತಯಾರಿಕೆಯಲ್ಲಿ.

ಕಾನೂನು ದಡದಲ್ಲಿ ನಿಲ್ಲುವುದಿಲ್ಲ

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದಾಟಿದರೆ ದೇಶದ ಕಾನೂನು ಮುಗಿಯಿತೆಂಬ ತಿಳಿವಳಿಕೆ ಅನೇಕರಲ್ಲಿದೆ. ಇದು ಸರಿಯಲ್ಲ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯು ಭಾರತದಾದ್ಯಂತ ಅನ್ವಯಿಸುವುದಲ್ಲದೆ, ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಭಾರತದಲ್ಲಿ ನೋಂದಣಿಯಾದ ಹಡಗು ಮತ್ತು ವಿಮಾನಗಳಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ. ಅದೇ ಕಾಯ್ದೆಯ 20ನೇ ಪ್ರಕರಣದಂತೆ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದಕ್ಕೆ 10 ವರ್ಷದವರೆಗಿನ ಕಠಿಣ ಕಾರಾಗೃಹ ವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗಿನ ದಂಡವಿದೆ. ಗಿಡದ ಕೆಳಗೆ ಮಣ್ಣಿದೆಯೋ ನೀರಿದೆಯೋ ಎಂಬುದನ್ನು ಕಾನೂನು ಕೇಳುವುದಿಲ್ಲ.

ಇನ್ನು 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ಕೃತಕ ದ್ವೀಪ, ವೇದಿಕೆಗಳನ್ನು ಕಟ್ಟುವ ಹಾಗೂ ಅನುಮತಿಸುವ ಅಧಿಕಾರ 1976ರ ಕಡಲ ವಲಯಗಳ ಕಾಯ್ದೆಯಂತೆ ಕೇಂದ್ರ ಸರ್ಕಾರಕ್ಕೆ ಸೇರಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯೂ ಇದನ್ನೇ ಹೇಳುತ್ತದೆ. ತೆರೆದ ಸಾಗರದಲ್ಲಿ ಮಾದಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯಲು ಎಲ್ಲ ದೇಶಗಳೂ ಸಹಕರಿಸಬೇಕೆಂದೂ ವಿಧಿಸುತ್ತದೆ. 2019ರ ಏಪ್ರಿಲ್‌ನಲ್ಲಿ ಥಾಯ್ಲೆಂಡಿನ ಫುಕೆಟ್ ದ್ವೀಪದಾಚೆ, 12 ಮೈಲಿಯ ಗೆರೆ ದಾಟಿ ನಿಲ್ಲಿಸಿದ್ದ ತೇಲುವ ಮನೆಯೊಂದನ್ನು ಆ ದೇಶದ ನೌಕಾಪಡೆ ತೆರವುಗೊಳಿಸಿ ದಡಕ್ಕೆ ಎಳೆದು ತಂದಿತು. ಅದರಲ್ಲಿ ಗಾಂಜಾ ಇರಲಿಲ್ಲ. ಮನೆಯೊಂದು ಇದ್ದದ್ದೇ ಸಾಕಾಯಿತು.

ಕಾನೂನಿಗೆ ಒಳಪಟ್ಟು ಈ ಬೆಳೆಯನ್ನು ಬೆಳೆಯುವ ದಾರಿ ನೆಲದ ಮೇಲೆಯೇ ಇದೆ. ನಾರು ಮತ್ತು ಬೀಜಕ್ಕಾಗಿ ಬೇಸಾಯಕ್ಕೆ ಅನುಮತಿ ನೀಡಲು ಅದೇ ಕಾಯ್ದೆಯ 14ನೇ ಪ್ರಕರಣ ಅವಕಾಶ ಕಲ್ಪಿಸಿದೆ. ಉತ್ತರಾಖಂಡವು 2018ರಲ್ಲಿ ಅಮಲಿನ ಅಂಶ ಶೇಕಡ 0.3 ಮೀರದ ಹೆಂಪ್ ತಳಿಗೆ ಈ ದಾರಿ ತೆರೆಯಿತು. ಆಹಾರ ಸುರಕ್ಷತಾ ಪ್ರಾಧಿಕಾರವು 2021ರ ನವೆಂಬರ್‌ನಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಮಾನ್ಯ ಮಾಡಿತು. ಹೆಂಪ್ ವ್ಯಾಪಾರದಲ್ಲಿ ಆಸಕ್ತಿಯುಳ್ಳವರು ಬೆಟ್ಟದ ಕಡೆ ನೋಡಬೇಕೇ ಹೊರತು ಕಡಲಿನ ಕಡೆಗಲ್ಲ.

ಉಪ್ಪಿನ ಲೆಕ್ಕ

ಕಾನೂನನ್ನು ಬದಿಗಿಟ್ಟು ಬರೀ ಲೆಕ್ಕವನ್ನು ನೋಡಿದರೂ ಫಲಿತಾಂಶ ಬೇರೆಯಾಗದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಗಾಂಜಾ, ಟೊಮ್ಯಾಟೊ, ಸೊಪ್ಪು ಮೊದಲಾದ ಬೆಳೆಗಳೆಲ್ಲ ಅದರ ಹತ್ತನೆಯ ಒಂದು ಪಾಲು ಉಪ್ಪಿಗೇ ಸೊರಗುತ್ತವೆ. ಆದುದರಿಂದ ಕಡಲಿನ ಮಧ್ಯೆ ಇದ್ದರೂ ಅವುಗಳಿಗೆ ಸಿಹಿನೀರನ್ನೇ ಕೊಡಬೇಕು. ಸಮುದ್ರದ ನೀರನ್ನು ಪೊರೆಗಳ ಮೂಲಕ ಸೋಸಿ ಸಿಹಿ ಮಾಡಲು ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಈ ವೆಚ್ಚವೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅದರ ಮೇಲೆ ತೇಲುವ ವೇದಿಕೆ, ಲಂಗರು, ತುಕ್ಕು ಹಿಡಿಯದ ಲೋಹ, ಬಿರುಗಾಳಿಯ ವಿಮೆ, ದೋಣಿಯ ಓಡಾಟ, ಹಗಲಿರುಳಿನ ಕಾವಲು ಸೇರುತ್ತವೆ. ಇಟಲಿಯ ನೋಲಿ ಪಟ್ಟಣದ ಬಳಿ 2012ರಿಂದ ನೀರಿನಡಿಯ ಪಾರದರ್ಶಕ ಗೋಳಗಳಲ್ಲಿ ತುಳಸಿಯ ಜಾತಿಯ ಸೊಪ್ಪನ್ನು ಬೆಳೆದು ತೋರಿಸಲಾಗಿದೆ. ಅದು ಸಾಧ್ಯವೆಂಬುದು ಸಿದ್ಧವಾಗಿದೆ. ಆದರೆ ಮಾರುಕಟ್ಟೆಯ ಸೊಪ್ಪಿನ ಬೆಲೆಗೆ ಅದು ಇಳಿಯಬಲ್ಲದೆಂದು ಯಾವ ವ್ಯಾಪಾರಿಯೂ ನಂಬಲಾರ.

ಇದರಿಂದ ಹೊರಡುವ ಸೂತ್ರ ಸರಳವಾದುದು. ಸಿಹಿನೀರು, ನೆರಳು ಮತ್ತು ಕಾವಲು ಬೇಕಾದ ಬೆಳೆಯನ್ನು ಕಡಲಿಗೆ ಒಯ್ದರೆ ಖರ್ಚು ಮಾತ್ರ ಹೆಚ್ಚುತ್ತದೆ. ಕಡಲಿನಲ್ಲಿ ಲಾಭ ಕೊಡಬಲ್ಲದ್ದು ಉಪ್ಪುನೀರನ್ನೇ ಬಯಸುವ ಬೆಳೆ.

ಉಪ್ಪನ್ನು ಸಹಿಸುವ ಬೆಳೆ, ಉಪ್ಪನ್ನು ಬಯಸುವ ಬೆಳೆ

ಕರ್ನಾಟಕದ ಕರಾವಳಿಗೆ ಈ ವಿವೇಕ ಹೊಸದಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಮಾಣಿಕಟ್ಟಾ ಮೊದಲಾದ ಊರುಗಳ ರೈತರು ಕಗ್ಗ ಎಂಬ ಭತ್ತವನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ನೆಲದಲ್ಲಿ ಬಿತ್ತಿದ ಈ ತಳಿಯು ಉಬ್ಬರದ ನೀರು ಒಳನುಗ್ಗಿದರೂ ತಾಳಿಕೊಳ್ಳುತ್ತದೆ. ಕೊಯ್ಲಿನ ನಂತರ ಅದೇ ಗದ್ದೆ ಮೀನು, ಸೀಗಡಿಗೆ ಒದಗುತ್ತದೆ. ಗಿಡಕ್ಕೆ ತಕ್ಕಂತೆ ಕಡಲನ್ನು ಬದಲಿಸುವ ಬದಲು, ಕಡಲಿಗೆ ತಕ್ಕ ಗಿಡವನ್ನು ಆರಿಸಿಕೊಂಡ ಕೃಷಿಯಿದು.

ಕಡಲಪಾಚಿಯಾದರೋ ಉಪ್ಪನ್ನು ಸಹಿಸುವುದಷ್ಟೇ ಅಲ್ಲ, ಉಪ್ಪಿಲ್ಲದೆ ಬದುಕಲಾರದು. ಇದಕ್ಕೆ ಭೂಮಿ ಬೇಡ, ನೀರಾವರಿ ಬೇಡ, ಗೊಬ್ಬರವೂ ಬೇಡ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಕೃಷಿ ಮಾಡಿ ಬೆಳೆದ ಪಾಚಿಯ ಪ್ರಮಾಣ ಸುಮಾರು 3.5 ಕೋಟಿ ಟನ್. ಇದರಲ್ಲಿ ಬಹುಪಾಲು ಚೀನಾ ಮತ್ತು ಇಂಡೋನೇಷ್ಯಾಗಳದು. ಭಾರತದ ಪಾಲು ಶೇಕಡ ಒಂದಕ್ಕೂ ಬಹಳ ಕಡಿಮೆ. ಐಸ್‌ಕ್ರೀಂ, ಟೂತ್‌ಪೇಸ್ಟ್, ಔಷಧದ ಕ್ಯಾಪ್ಸೂಲ್‌ಗಳಿಗೆ ಬೇಕಾದ ಕ್ಯಾರಜೀನನ್, ಪ್ರಯೋಗಾಲಯಗಳಿಗೆ ಬೇಕಾದ ಅಗರ್, ಬೆಳೆಗಳಿಗೆ ಸಿಂಪಡಿಸುವ ಪೋಷಕ ದ್ರವ ಇವೆಲ್ಲ ಪಾಚಿಯ ಉತ್ಪನ್ನಗಳೇ. ಬೊಮ್ಮಸಂದ್ರದ ಅನೇಕ ಔಷಧ ಹಾಗೂ ಆಹಾರ ಘಟಕಗಳ ಕಚ್ಚಾವಸ್ತುಗಳ ಪಟ್ಟಿಯಲ್ಲಿ ಇವುಗಳ ಹೆಸರು ಅಪರಿಚಿತವಲ್ಲ.

ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು 1984ರಲ್ಲಿ ಜಪಾನಿನಿಂದ ತಂದ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯ ಬೇಸಾಯವನ್ನು ತಮಿಳುನಾಡಿನ ಮಂಟಪಂ ತೀರದಲ್ಲಿ ರೂಢಿಗೆ ತಂದಿತು. 2000ದ ದಶಕದ ಆರಂಭದಲ್ಲಿ ಪೆಪ್ಸಿಕೋ ಕಂಪನಿಯು ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಅದನ್ನು ಒಪ್ಪಂದದ ಕೃಷಿಯಾಗಿಸಿತು. 2008ರಲ್ಲಿ ಆ ವ್ಯವಹಾರವು ಅಕ್ವಾಗ್ರಿ ಸಂಸ್ಥೆಗೆ ಹಸ್ತಾಂತರವಾಯಿತು. ಇಂದು ಇಫ್ಕೋ ಮಾರುವ 'ಸಾಗರಿಕಾ' ದ್ರವ ಇದೇ ಬೆಳೆಯ ಫಲ. 2021ರ ಫೆಬ್ರುವರಿಯಲ್ಲಿ ಇಂತಹ ಸಸ್ಯಪ್ರಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದ ಬಳಿಕ ಈ ಮಾರುಕಟ್ಟೆಗೆ ನಿಯಮಬದ್ಧ ಸ್ವರೂಪವೂ ದೊರೆತಿದೆ.

ದಿನವೊಂದಕ್ಕೆ ನಾಲ್ಕು ನೂರು ಗಂಟು

ಕಡಲಪಾಚಿ ಇಷ್ಟು ಅನುಕೂಲಕರ ಬೆಳೆಯಾದರೆ ಭಾರತದಲ್ಲಿ ಏಕೆ ಹಬ್ಬಲಿಲ್ಲ? 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ 20,050 ಕೋಟಿ ರೂಪಾಯಿಗಳಲ್ಲಿ 640 ಕೋಟಿಯನ್ನು ಪಾಚಿಗೆಂದೇ ತೆಗೆದಿರಿಸಿ, ಐದು ವರ್ಷಗಳಲ್ಲಿ 11 ಲಕ್ಷ ಟನ್ನಿಗೂ ಮೀರಿದ ಉತ್ಪಾದನೆಯ ಗುರಿ ಹಾಕಿಕೊಳ್ಳಲಾಗಿತ್ತು. ಸಾಧನೆ ಆ ಗುರಿಯ ಹತ್ತಿರಕ್ಕೂ ಬರಲಿಲ್ಲ. ಬೀಜದ ಕೊರತೆ, ಬೆಲೆಯ ಏರಿಳಿತ, ಸಮುದ್ರದ ತಾಪ ಏರಿದಾಗ ಬರುವ ರೋಗ ಇವು ಒಂದು ಕಡೆ. ಇನ್ನೊಂದು ಕಾರಣ ಅಷ್ಟಾಗಿ ಗಮನಕ್ಕೆ ಬಂದಿಲ್ಲ: ಈ ಕೃಷಿ ಇಂದಿಗೂ ಕೈಬೆರಳುಗಳಿಂದಲೇ ನಡೆಯುತ್ತಿದೆ.

ಮಂಟಪಂ ಪದ್ಧತಿಯ ಲೆಕ್ಕ ಹೀಗಿದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬಿದಿರಿನ ತೆಪ್ಪಕ್ಕೆ 20 ಹಗ್ಗ. ಪ್ರತಿ ಹಗ್ಗಕ್ಕೆ ಸುಮಾರು 150 ಗ್ರಾಂ ತೂಕದ 20 ಪಾಚಿ ತುಂಡುಗಳು. ಅಂದರೆ ತೆಪ್ಪಕ್ಕೆ 60 ಕೆ.ಜಿ. ಬೀಜ ಮತ್ತು 400 ಗಂಟು. ಬೆಳೆಯ ಅವಧಿ 45 ದಿನ. ದಿನಕ್ಕೊಂದು ತೆಪ್ಪ ಕಟ್ಟಿ, ದಿನಕ್ಕೊಂದು ಕೊಯ್ಯುವಂತೆ ಒಬ್ಬೊಬ್ಬರಿಗೆ 45 ತೆಪ್ಪಗಳು. ಒಂದು ಸುತ್ತಿಗೆ 18,000 ಗಂಟುಗಳನ್ನು ಮೀನುಗಾರ ಮಹಿಳೆಯರು ದಡದಲ್ಲಿ ಕುಳಿತು ಕಟ್ಟುತ್ತಾರೆ. ಒಳ್ಳೆಯ ಬೆಳೆ ಬಂದರೆ ತೆಪ್ಪಕ್ಕೆ ಸುಮಾರು 250 ಕೆ.ಜಿ. ಹಸಿ ಪಾಚಿ. ಅದರಲ್ಲಿ 60 ಕೆ.ಜಿ. ಮರುನಾಟಿಗೆ ಹೋದರೆ ಉಳಿದ 190 ಕೆ.ಜಿ. ಒಣಗಿ 19 ಕೆ.ಜಿ. ಆಗುತ್ತದೆ. ಈ ಹತ್ತೊಂಬತ್ತು ಕಿಲೋಗ್ರಾಮಿನ ಬೆಲೆಯಲ್ಲಿಯೇ ಗಂಟು, ದೋಣಿ, ಒಣಗಿಸುವಿಕೆ ಎಲ್ಲದರ ಕೂಲಿಯೂ ಹುಟ್ಟಬೇಕು.

ಯಂತ್ರ ಬಲ್ಲವರು ಈ ಲೆಕ್ಕವನ್ನು ಓದಿದರೆ ಅವರಿಗೆ ಕಾಣುವುದು ಆರ್ಡರುಗಳ ಪಟ್ಟಿಯೇ. ಗಂಟಿನ ಬದಲು ಒತ್ತಿದರೆ ಕೂರುವ, ಎಳೆದರೆ ಬಿಡುವ ಕ್ಲಿಪ್ಪು. ಅದು 45 ದಿನ ಉಪ್ಪುನೀರಿನಲ್ಲಿ ಬಾಳಿ, ಕಳಚಿ ಬಿದ್ದರೂ ಕಡಲಿಗೆ ಕಸವಾಗದ ವಸ್ತುವಿನದಾಗಿದ್ದರೆ ಇನ್ನೂ ಉತ್ತಮ. ಬಿದಿರು ಕೊಳೆತುಹೋಗುವಲ್ಲಿ ಎಚ್‌ಡಿಪಿಇ ಕೊಳವೆಯ ಚೌಕಟ್ಟು ಮತ್ತು ಫ್ಲೋಟು. ಹಗ್ಗವನ್ನು ದೋಣಿಗೆ ಎಳೆದು ಪಾಚಿಯನ್ನು ಸುಲಿಯುವ ಸಣ್ಣ ರಾಟೆ. ಹಸಿ ಪಾಚಿಯನ್ನು ದಡದಲ್ಲಿಯೇ ಅರೆದು ರಸ ತೆಗೆಯುವ, ಕಬ್ಬಿನ ಗಾಣವನ್ನು ಹೋಲುವ ತುಕ್ಕುರಹಿತ ಉಕ್ಕಿನ ಯಂತ್ರ. ಇವೆಲ್ಲಕ್ಕಿಂತ ಮುಖ್ಯವಾಗಿ ಒಣಗಿಸುವ ಸಾಧನ: ದಿನಕ್ಕೆ 190 ಕೆ.ಜಿ. ಹಸಿ ಪಾಚಿಯಿಂದ ಸುಮಾರು 170 ಕೆ.ಜಿ. ನೀರನ್ನು ಹೊರಹಾಕಬೇಕು. ವಿದ್ಯುತ್ ಹೀಟರಿನಿಂದ ಇದನ್ನು ಮಾಡಹೊರಟರೆ ದಿನಕ್ಕೆ 100 ಯೂನಿಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಆದುದರಿಂದ ಬಿಸಿಲಿನಿಂದಲೇ ನಡೆಯುವ, ಮರಳು ಸೇರದ, ಕಡಿಮೆ ಬೆಲೆಯ ಡ್ರೈಯರು ಬೇಕು.

ಬೆಲೆಯ ಮಿತಿಯನ್ನೂ ಮರೆಯುವಂತಿಲ್ಲ. ಮತ್ಸ್ಯ ಸಂಪದ ಯೋಜನೆಯು ಬೀಜವೂ ಸೇರಿದಂತೆ ತೆಪ್ಪವೊಂದಕ್ಕೆ ನಿಗದಿಪಡಿಸಿದ ಘಟಕ ವೆಚ್ಚ 1,500 ರೂಪಾಯಿ. ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡ 60 ಸಹಾಯಧನ. ಸೊಗಸಾದ ವಿನ್ಯಾಸ ಮಾಡಿ ಹತ್ತು ಸಾವಿರದ ಚೌಕಟ್ಟನ್ನು ಮುಂದಿಟ್ಟರೆ ಕೊಳ್ಳುವವರು ಸಿಗುವುದಿಲ್ಲ. ಬಿದಿರಿಗಿಂತ ಎಷ್ಟು ಪಟ್ಟು ಹೆಚ್ಚು ಬೆಲೆಯೋ ಅದಕ್ಕಿಂತ ಹೆಚ್ಚು ಪಟ್ಟು ಬಾಳಿಕೆ ಬರುತ್ತದೆಂದು ನೀರಿನಲ್ಲಿ ತೋರಿಸಬೇಕಾಗುತ್ತದೆ.

ಒಳನಾಡಿಗೆ ಏನು ಸಂಬಂಧ?

ಕಡಲಿಲ್ಲದ ಬೆಂಗಳೂರಿಗೆ ಕಡಲಿನ ಉದ್ಯಮ ಏಕೆ ಎಂಬ ಪ್ರಶ್ನೆಗೆ ಎರಡು ನಿದರ್ಶನಗಳು ಉತ್ತರ ನೀಡುತ್ತವೆ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಮೊದಲು ತಯಾರಿಸಿದ್ದು ಪರಂಗಿಯಿಂದ ಪಪೈನ್ ಎಂಬ ಕಿಣ್ವವನ್ನು ಮತ್ತು ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸನ್ನು. ಅದೇ ಸಂಸ್ಥೆ ಇಂದು ಬೊಮ್ಮಸಂದ್ರದಲ್ಲಿ ವಿಶಾಲವಾದ ಔಷಧ ತಯಾರಿಕಾ ಸಂಕೀರ್ಣವನ್ನು ಹೊಂದಿದೆ. ಕಚ್ಚಾವಸ್ತು ನೀರಿನಿಂದ ಬಂದರೂ ಮೌಲ್ಯ ಕೂಡಿದ್ದು ಒಳನಾಡಿನಲ್ಲಿ.

ಎರಡನೆಯದು ಇನ್ನೂ ಸಮೀಪದ್ದು. ಮದ್ರಾಸ್ ಐಐಟಿಯ ಪದವೀಧರರು 2010ರಲ್ಲಿ ಸ್ಥಾಪಿಸಿ ಬೆಂಗಳೂರಿನಲ್ಲಿ ನೆಲೆಗೊಳಿಸಿದ ಸೀ6 ಎನರ್ಜಿ ಸಂಸ್ಥೆಯು ಕಡಲಪಾಚಿಯನ್ನು ಒಂದೇ ಓಟದಲ್ಲಿ ಕೊಯ್ದು ಮರುನಾಟಿ ಮಾಡುವ, ಸಮುದ್ರದ ಟ್ರ್ಯಾಕ್ಟರ್ ಎನ್ನಬಹುದಾದ ಯಂತ್ರವನ್ನು ರೂಪಿಸಿತು. 2024ರಲ್ಲಿ ಅದು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಬಳಿ ಸುಮಾರು ಒಂದು ಚದರ ಕಿಲೋಮೀಟರ್ ವಿಸ್ತಾರದ ಯಾಂತ್ರೀಕೃತ ಪಾಚಿ ತೋಟವನ್ನು ಆರಂಭಿಸಿತು. ಮಿದುಳು ಬೆಂಗಳೂರಿನದು, ಬೆಳೆ ಇಂಡೋನೇಷ್ಯಾದ್ದು. ಇಂತಹ ಯಂತ್ರಗಳಿಗೆ ಬೇಕಾಗುವ ಗೇರು, ಬೇರಿಂಗ್ ಹೌಸಿಂಗು, ಅಚ್ಚಿನ ಭಾಗಗಳಲ್ಲಿ ಎಷ್ಟು ಪಾಲು ಬೊಮ್ಮಸಂದ್ರ, ಜಿಗಣಿ, ಪೀಣ್ಯದ ಘಟಕಗಳಿಗೆ ದಕ್ಕಬೇಕು ಎಂಬುದೇ ಉದ್ದಿಮೆದಾರರ ಮುಂದಿರುವ ಪ್ರಶ್ನೆ.

ಸ್ಥಳದ ಅನುಕೂಲವೂ ಕಡಿಮೆಯೇನಲ್ಲ. ಬೊಮ್ಮಸಂದ್ರದ ಮುಂದೆಯೇ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯು ಹೊಸೂರು, ಸೇಲಂ ದಾಟಿ ಮಧುರೈಗೆ ಸಾಗುತ್ತದೆ. ಅಲ್ಲಿಂದ ರಾಮನಾಥಪುರಕ್ಕೂ ತೂತುಕುಡಿ ಬಂದರಿಗೂ ನೇರ ದಾರಿಯಿದೆ. ರಾಮನಾಥಪುರ ಜಿಲ್ಲೆಯಲ್ಲಿ ಸುಮಾರು 127 ಕೋಟಿ ರೂಪಾಯಿ ವೆಚ್ಚದ ವಿವಿಧೋದ್ದೇಶ ಪಾಚಿ ಉದ್ಯಾನಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ರಾತ್ರಿ ಲಾರಿಗೆ ಹೇರಿದ ಸರಕು ಮರುದಿನ ಮಂಟಪಂ ದಡ ಮುಟ್ಟಬಲ್ಲದು.

ಹೊಸ ಮಾರುಕಟ್ಟೆಯ ಅಗತ್ಯವೂ ಇದೆ. ಹೊಸೂರು ರಸ್ತೆಯ ಉದ್ದಕ್ಕೂ ವಾಹನ ಕಂಪನಿಗಳ ಜಾಬ್ ವರ್ಕನ್ನೇ ನಂಬಿದ ಘಟಕಗಳು ಅನೇಕ. ವಿದ್ಯುತ್ ವಾಹನಗಳು ಹೆಚ್ಚಿದಂತೆ ಪಿಸ್ಟನ್, ಕಾರ್ಬೊರೇಟರ್, ಗೇರ್‌ಬಾಕ್ಸುಗಳ ಬಿಡಿಭಾಗಗಳ ಬೇಡಿಕೆ ಕುಗ್ಗುತ್ತದೆಂಬುದು ಎಲ್ಲರಿಗೂ ತಿಳಿದ ಮಾತು. ಲೇತು, ಪ್ರೆಸ್ಸು, ಅಚ್ಚುಯಂತ್ರಗಳ ಸಾಲವು ಆ ಬಿಡಿಭಾಗಗಳ ಜೊತೆ ತೀರಿಹೋಗುವುದಿಲ್ಲ.

ಎಚ್ಚರಿಕೆಯ ಮಾತು

ಉತ್ಸಾಹದ ಜೊತೆಗೆ ಕೆಲವು ಮಿತಿಗಳನ್ನು ಗಮನಿಸಬೇಕು. ಕರ್ನಾಟಕದ ಕರಾವಳಿಯಲ್ಲಿ ಮಂಟಪಂ ಮಾದರಿ ಹಾಗೆಯೇ ನಡೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುವ ಈ ತೀರದಲ್ಲಿ ಮುಂಗಾರಿನ ಅಲೆಗಳು ತೆಪ್ಪಗಳನ್ನು ಉಳಿಸುವುದಿಲ್ಲ. ಕಾಳಿ, ಗಂಗಾವಳಿ, ಶರಾವತಿ, ನೇತ್ರಾವತಿಗಳು ತರುವ ಸಿಹಿನೀರು ತೀರದ ಉಪ್ಪಿನ ಅಂಶವನ್ನೇ ಇಳಿಸುತ್ತದೆ. ಇಲ್ಲಿ ಮಳೆಗಾಲ ಮುಗಿದ ನಂತರದ ತಿಂಗಳುಗಳಿಗೆ ಸೀಮಿತವಾದ, ಕಳಚಿ ದಡಕ್ಕೆ ತರಬಲ್ಲ ವ್ಯವಸ್ಥೆ ಬೇಕು. ಕಾರವಾರದಲ್ಲಿ ಪಂಜರ ಮೀನುಕೃಷಿಯನ್ನು ರೂಢಿಸಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅನುಭವವು ಇದಕ್ಕೆ ಅತ್ಯಂತ ಉಪಯುಕ್ತ.

ಪರಿಸರದ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಹೊರಗಿನಿಂದ ಬಂದ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿರುವುದನ್ನು 2008ರಲ್ಲಿಯೇ ವಿಜ್ಞಾನಿಗಳು ವರದಿ ಮಾಡಿದರು. ಹವಳದ ನೆಲೆಗಳ ಬಳಿ ತೆಪ್ಪಕ್ಕೆ ಆಸ್ಪದ ನೀಡಬಾರದು. ನಾಡ ತಳಿಗಳಿಗೆ ಆದ್ಯತೆ ಸಿಗಬೇಕು. ಹಾಗೆಯೇ, ಪಾಚಿಯಿಂದ ಇಂಧನ, ಪಾಚಿಯಿಂದ ಇಂಗಾಲದ ಸಾಲಪತ್ರ ಎಂಬ ಭರವಸೆಗಳನ್ನೇ ನಂಬಿ ಬಂಡವಾಳ ಹೂಡುವುದು ಅಪಾಯಕರ. ಪಾಚಿಯ ಮೂಲಕ ಇಂಗಾಲ ಹೀರುವ ಯೋಜನೆಯಿಂದ ಹೆಸರಾಗಿದ್ದ ಅಮೆರಿಕದ ರನ್ನಿಂಗ್ ಟೈಡ್ ಕಂಪನಿ 2024ರಲ್ಲಿ ಬಾಗಿಲು ಹಾಕಿತು. ಇಂದು ಕೊಳ್ಳುವವರಿರುವುದು ಗೊಬ್ಬರದ ದ್ರವಕ್ಕೆ, ಕ್ಯಾರಜೀನನ್ನಿಗೆ, ಅಗರಿಗೆ. ವ್ಯವಹಾರದ ಲೆಕ್ಕ ಅಲ್ಲಿಂದಲೇ ಆರಂಭವಾಗಬೇಕು.

ಆಗಬೇಕಾದ ಕೆಲಸ

ಮೊದಲನೆಯದಾಗಿ, ಆಸಕ್ತಿಯುಳ್ಳ ಐದಾರು ಘಟಕಗಳು ಒಟ್ಟುಗೂಡಿ ಕ್ಲಿಪ್ಪು, ಚೌಕಟ್ಟು, ಡ್ರೈಯರುಗಳ ಮಾದರಿಗಳನ್ನು ತಯಾರಿಸಿ ಒಂದು ಪೂರ್ಣ ಋತು ಮಂಟಪಂನಲ್ಲಿಯೂ ಕಾರವಾರದಲ್ಲಿಯೂ ನೀರಿನಲ್ಲಿಟ್ಟು ಪರೀಕ್ಷಿಸಬೇಕು. ಒಂದೇ ಘಟಕ ಅಚ್ಚಿನ ವೆಚ್ಚವನ್ನು ಹೊರುವುದು ಕಷ್ಟ, ಹಂಚಿಕೊಂಡರೆ ಹಗುರ. ಬಳಸುವ ಮಹಿಳೆಯರ ಅಭಿಪ್ರಾಯ ಕೇಳದೆ ಡೈ ಕಡಿಯುವುದು ಸಲ್ಲದು.

ಎರಡನೆಯದಾಗಿ, ವಾಣಿಜ್ಯ ಮಂಡಳಿಗಳು ಸರ್ಕಾರದ ಮುಂದೆ ಎರಡು ಬೇಡಿಕೆಗಳನ್ನಿಡಬೇಕು. ಸಹಾಯಧನವು ಬಿದಿರಿನ ತೆಪ್ಪದ ಘಟಕ ವೆಚ್ಚಕ್ಕೆ ಅಂಟಿಕೊಳ್ಳದೆ, ಬಾಳಿಕೆ ಬರುವ ಉಪಕರಣಗಳಿಗೂ ದೊರೆಯುವಂತಾಗಬೇಕು. ಸಂವಿಧಾನದಂತೆ ರಾಜ್ಯದ ಜಲಸೀಮೆಯೊಳಗಿನ ಮೀನುಗಾರಿಕೆ ರಾಜ್ಯಕ್ಕೆ, ಅದರಾಚೆಯದು ಕೇಂದ್ರಕ್ಕೆ ಸೇರಿದೆ. ಎರಡೂ ಸರ್ಕಾರಗಳು ಸೇರಿ ಕಡಲಿನ ಜಾಗಕ್ಕೆ ನಿರ್ದಿಷ್ಟ ಅವಧಿಯ, ಮೀನುಗಾರರ ಹಕ್ಕಿಗೆ ಧಕ್ಕೆಯಾಗದ ಗುತ್ತಿಗೆಯನ್ನು ಸ್ಪಷ್ಟಪಡಿಸಬೇಕು. ಜಾಗದ ಹಕ್ಕು ತಿಳಿಯಾಗದ ಬೇಸಾಯಕ್ಕೆ ಯಾವ ಬ್ಯಾಂಕೂ ಸಾಲ ನೀಡದು. ಸಾಲವಿಲ್ಲದ ಬೆಳೆಗಾರ ಯಂತ್ರವನ್ನು ಕೊಳ್ಳಲಾರ.

ಮೂರನೆಯದಾಗಿ, ಪಾಚಿಯ ಉತ್ಪನ್ನಗಳನ್ನು ಬಳಸುವ ಇಲ್ಲಿನ ದೊಡ್ಡ ಕಂಪನಿಗಳು ದೇಶೀಯ ಸರಕಿಗೆ ದೀರ್ಘಾವಧಿಯ ಖರೀದಿ ಒಪ್ಪಂದ ನೀಡಲು ಮುಂದಾಗಬೇಕು. ಪಾಚಿ 45 ದಿನಕ್ಕೆ ಕೊಯ್ಲಿಗೆ ಬರುತ್ತದೆ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ ಸಣ್ಣ ಸರಬರಾಜುದಾರನ ಬಾಕಿಯೂ 45 ದಿನಗಳೊಳಗೆ ಸಂದಾಯವಾಗಬೇಕು. ಮೊದಲನೆಯದನ್ನು ಸಮುದ್ರ ತಪ್ಪದೆ ಪಾಲಿಸುತ್ತದೆ. ಎರಡನೆಯದನ್ನು ಖರೀದಿದಾರರೂ ಪಾಲಿಸಿದರೆ ಈ ಉದ್ಯಮ ಬೇರೂರಲು ಹೆಚ್ಚು ಕಾಲ ಬೇಕಾಗದು.

ಹಾಯಿಹಡಗುಗಳ ಕಾಲದಲ್ಲಿ ಗಾಂಜಾ ಗಿಡದ ನಾರು ಹಗ್ಗವಾಗಿ, ಹಾಯಿಬಟ್ಟೆಯಾಗಿ ಜಗತ್ತಿನ ಸಮುದ್ರಗಳನ್ನೆಲ್ಲ ಸುತ್ತಿತ್ತು. ಆ ಗಿಡ ಬೆಳೆದದ್ದು ನೆಲದಲ್ಲಿ; ಕಡಲಿಗೆ ಹೋದದ್ದು ಅದರಿಂದಾದ ಸರಕು. ಬೊಮ್ಮಸಂದ್ರದ ಉದ್ದಿಮೆದಾರರು ಅನುಸರಿಸಬೇಕಾದುದೂ ಇದೇ ಕ್ರಮವನ್ನು. ಕಡಲಿನ ಬೇಸಾಯವನ್ನು ಕಡಲನ್ನು ಬಲ್ಲವರು ಮಾಡಲಿ. ಅವರ ಕೈಗೆ ಬೇಕಾದ ಉಪಕರಣವು ಬೊಮ್ಮಸಂದ್ರದಿಂದ ಹೋಗಲಿ.